ಅವ್ವನ ಮುಖಕ್ಕೊಂದು ಕ್ಯಾಮೆರಾ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಗೋಡೆಗೆ ದೇವರ ಪಟಗಳಿದ್ದವು, ಮನುಷ್ಯರ ಪಟ ಒಂದೂ ಇರಲಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಹೆಚ್ಚು ಕಡಿಮೆ ಎಲ್ಲರ ಮನೆಯೂ ಹಾಗೇ ಇತ್ತು. ಬೆಳಗಾದರೆ ಮಗ್ಗದ ಸದ್ದು, ಮಧ್ಯಾಹ್ನವೂ ಮಗ್ಗದ ಸದ್ದು, ಗಂಜಿ ಹಾಕಿದ ನೂಲಿನ ಹುಳಿ ವಾಸನೆ, ಬಣ್ಣದ ನೀರು ಹರಿದು ಕೆಂಪಾದ ಗಟಾರ. ಆಗ ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ರಾಜರ ಸಂಸ್ಥಾನಗಳು ಹೋಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಯಾರ ರಾಜ್ಯ ಬಂದರೂ ನಮ್ಮ ಓಣಿಯಲ್ಲಿ ನೇಯುತ್ತಿದ್ದದ್ದು ಅದೇ ಸೀರೆ, ಅಂಚಿಗೆ ಅದೇ ದಡಿ.

ನಮ್ಮ ಅವ್ವನಿಗೆ ಫೋಟೋ ಅಂದರೆ ಭಯ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಗಿನ ಹೆಂಗಸರು ನಂಬಿದ್ದರು. ಒಮ್ಮೆ ಓಣಿಯ ವ್ಯಾಪಾರಿಯ ಮನೆಗೆ ಕ್ಯಾಮೆರಾದವನು ಬಂದಾಗ ಅವ್ವ ಅಡುಗೆ ಮನೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಳು. ಅವನು ಊರು ಬಿಟ್ಟ ಸುದ್ದಿ ಬಂದ ಮೇಲೆಯೇ ಹೊರಗೆ ಬಂದದ್ದು. ಇಷ್ಟೆಲ್ಲ ಜೋಪಾನ ಮಾಡಿದ ಅವ್ವ ಒಂದು ಬೇಸಿಗೆಯಲ್ಲಿ ಜ್ವರ ಬಂದು ಹೋಗಿಬಿಟ್ಟಳು.

ನಾನು ಅಳಲಿಲ್ಲ. ಇದನ್ನು ಹೇಳಿದರೆ ನೀವು ಮೊಮ್ಮಕ್ಕಳು ಅಜ್ಜಿ ಧೈರ್ಯವಂತೆ ಎಂದುಕೊಳ್ಳಬೇಡಿ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ನನಗೆ ಮೈಯೆಲ್ಲ ಹಾಗಾಗಿತ್ತು. ಬಂದ ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತರು. ನಾನು ಅವರ ಕೊರಳಿನ ಸರದ ಮಣಿಗಳನ್ನು ನೋಡುತ್ತ ನಿಂತಿದ್ದೆ. ಅಪ್ಪನೂ ಅಳಲಿಲ್ಲ. ಕರ್ಮ ಮುಗಿದ ಮರುದಿನವೇ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತ. ಅಕ್ಕ ಅವ್ವನ ಹಾಗೆಯೇ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯತೊಡಗಿದಳು. ಮೂವರೂ ಒಂದೇ ಸೂರಿನಡಿ ಇದ್ದೆವು, ಯಾರ ಮುಖವನ್ನೂ ಯಾರೂ ನೋಡುತ್ತಿರಲಿಲ್ಲ. ಅಪ್ಪ ತಾಟಿಗೆ ಬಡಿಸಿದ್ದನ್ನು ಉಂಡು, ತಾಟನ್ನೇ ನೋಡುತ್ತ ಎದ್ದು ಹೋಗುತ್ತಿದ್ದ.

ಮಳೆಗಾಲ ಬಂತು. ಒಂದು ದಿನ ಅಕ್ಕ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ನಾನು ಕಣ್ಣು ಮುಚ್ಚಿ ಅವ್ವನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬಳೆ ಬಂದವು. ರೊಟ್ಟಿಯ ಹಿಟ್ಟು ಮೆತ್ತಿದ ಮುಂಗೈ ಬಂತು. ಒಂದು ಗಲ್ಲದ ಮೇಲಿನ ಹಸಿರು ಹಚ್ಚೆಯ ಚುಕ್ಕೆ ಬಂತು. ಮುಖ ಮಾತ್ರ ಬರಲಿಲ್ಲ.

"ಅಕ್ಕಾ, ಅವ್ವನ ಮಾರಿ ಹೆಂಗಿತ್ತ?" ಎಂದೆ.

ಅಕ್ಕನ ಕೈ ನನ್ನ ತಲೆಯ ಮೇಲೆ ನಿಂತಿತು. ಒಳಗೆ ಮಗ್ಗದ ಸದ್ದೂ ನಿಂತಿತು. ಅಪ್ಪನಿಗೆ ಕೇಳಿಸಿತ್ತು. ಒಮ್ಮೆ ನೋಡಿದ ದಡಿಯನ್ನು ವರ್ಷವಾದ ಮೇಲೂ ಒಂದು ಎಳೆ ತಪ್ಪದೆ ನೇಯುವವನು ನಮ್ಮಪ್ಪ. ಓಣಿಯಲ್ಲಿ ಅವನ ನೆನಪಿನ ಶಕ್ತಿಯ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು. ಅವನೇ ಉತ್ತರ ಹೇಳುತ್ತಾನೆಂದು ನಾನು ಕಾದೆ. ಒಳಗಿನಿಂದ ದನಿ ಬಂತು.

"ನಾಳೆ ಜಮಖಂಡಿಗೆ ಹೋಗೂದೈತಿ. ಒಂದ ಕ್ಯಾಮೆರಾ ತರೂಣು. ನಿಮ್ಮವ್ವನ ಉಟಗೊಳ್ಳೂ ಸೀರಿ, ಕುಬಸ ಗಂಟ ಕಟ್ಟಿಟ್ಟಕೊ."

ಕೊನೆಯ ಮಾತು ಅಕ್ಕನಿಗೆ. ಅವಳು ಯಾಕೆಂದು ಕೇಳಲಿಲ್ಲ. ಕ್ಯಾಮೆರಾ ಅಂದರೆ ಇರುವವರ ಮುಖ ತೆಗೆಯುವುದು ಎಂಬುದು ನನಗೂ ಗೊತ್ತಿತ್ತು. ಇಲ್ಲದ ಅವ್ವನ ಮುಖ ಅದರಲ್ಲಿ ಹೇಗೆ ಬರುತ್ತದೆ ಎಂದು ತಿಳಿಯಲಿಲ್ಲ. ಅಪ್ಪ ಮಾಡುತ್ತೇನೆ ಅಂದ ಮೇಲೆ ಆಗುತ್ತದೆ ಎಂದುಕೊಂಡು ಮಲಗಿದೆ.

ಮರುದಿನ ತೇರದಾಳದ ಕಡೆಯಿಂದ ಬಂದ ಬಸ್ಸು ಹತ್ತಿದೆವು. ನನ್ನದು ಮೊದಲ ಬಸ್ ಪ್ರಯಾಣ. ಎಂಜಿನ್ನಿನ ಬಿಸಿ, ಎಣ್ಣೆಯ ನಾತ, ಮುಂದಿನ ಸೀಟಿನಲ್ಲಿ ಯಾರದೋ ಬುಟ್ಟಿಯೊಳಗಿಂದ ಇಣುಕುತ್ತಿದ್ದ ಕೋಳಿ. ಹೊರಗೆ ಮಳೆಗೆ ಕಪ್ಪಗೆ ಮಿನುಗುವ ಎರೆಹೊಲ, ಮೊಣಕಾಲುದ್ದದ ಜೋಳ. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದೆ. ಅಂದು ಎಲ್ಲವನ್ನೂ ನೋಡಿದೆ, ಯಾವುದೂ ಒಳಗೆ ಇಳಿಯಲಿಲ್ಲ. ಅಕ್ಕನ ತೊಡೆಯ ಮೇಲೆ ಬಟ್ಟೆಯ ಗಂಟು ಇತ್ತು. ಅಪ್ಪ ಸೊಂಟದ ಚೀಲದ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಹೊಸ ಮಗ್ಗಕ್ಕೆಂದು ಕೂಡಿಟ್ಟ ರೊಕ್ಕ ಅದರಲ್ಲಿತ್ತು.

ಜಮಖಂಡಿಯ ಪೇಟೆಯಲ್ಲಿ ಬೆಲ್ಲದಂಗಡಿ ದಾಟಿ, ಪಾತ್ರೆಯಂಗಡಿ ದಾಟಿ, ಒಂದು ಮೆಟ್ಟಿಲು ಹತ್ತಿದರೆ ಫೋಟೋದ ಅಂಗಡಿ. ಅದರ ಯಜಮಾನರು ಮನೆಯಲ್ಲಿ ಮರಾಠಿ ಆಡುವವರು, ಕರಿ ಟೋಪಿ ಹಾಕಿಕೊಂಡಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಮುಧೋಳ, ಬೀಳಗಿ ಕಡೆಯ ದೊಡ್ಡ ಮನೆತನದ ಮದುವೆಗಳಿಗೆಲ್ಲ ಅವರೇ ಹೋಗಿ ಫೋಟೋ ತೆಗೆಯುವುದು. ಅಂಗಡಿಯೊಳಗೆ ಔಷಧದ ಘಾಟು. ಗಾಜಿನ ಕಪಾಟಿನಲ್ಲಿ ಮಾರಾಟದ ಕ್ಯಾಮೆರಾಗಳು ಸಾಲಾಗಿ ಕೂತಿದ್ದವು.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ, "ಒಂದ ಛಲೋ ಕ್ಯಾಮೆರಾ ಬೇಕಾಗಿತ್ರಿ" ಎಂದ.

"ಛಲೋ ಅಂದ್ರ ಯಾವದು? ಯಾರ ಫೋಟೋ ತಗೀಬೇಕು, ಅದನ್ನ ಮೊದಲ ಹೇಳ್ರಿ" ಎಂದರು ಕಾಕಾ.

"ಎಲ್ಲಾ ತೋರಸ್ರಿ" ಎಂದಷ್ಟೇ ಹೇಳಿದ ಅಪ್ಪ.

ಕಾಕಾ ಮೊದಲು ಒಂದು ಕರಿ ಡಬ್ಬಿಯನ್ನು ತೆಗೆದು ನನ್ನ ಕೈಯಲ್ಲೇ ಇಟ್ಟರು. ಅದರ ಮೇಲೆ ಪುಟ್ಟ ಕಿಟಕಿ. ಬಗ್ಗಿ ನೋಡಿದರೆ ಬಾಗಿಲಲ್ಲಿ ನಿಂತ ಅಕ್ಕ ಬೆರಳುದ್ದ ಕಾಣುತ್ತಿದ್ದಳು. ಎಲ್ಲಕ್ಕಿಂತ ಅಗ್ಗದ್ದು, ಕೆಡುವಂಥದ್ದು ಏನೂ ಇಲ್ಲ, ಮಕ್ಕಳೂ ಒತ್ತಬಹುದು ಎಂದರು. ಆದರೆ ಬಿಸಿಲು ಬೇಕೇ ಬೇಕು, ಮನುಷ್ಯರು ದೂರ ನಿಲ್ಲಬೇಕು.

"ಮಾರಿ ಎಷ್ಟ ದೊಡ್ಡದ ಬರತೈತ್ರಿ?" ಎಂದ ಅಪ್ಪ.

"ಹುಣಸಿ ಬೀಜದಷ್ಟ."

ಅಪ್ಪ ಡಬ್ಬಿಯನ್ನು ನನ್ನ ಕೈಯಿಂದ ತೆಗೆದು ಮೆಲ್ಲಗೆ ಗಾಜಿನ ಮೇಲೆ ಇಟ್ಟ.

ಎರಡನೆಯದು ಮಡಚುವ ಕ್ಯಾಮೆರಾ. ಗುಂಡಿ ಒತ್ತಿದರೆ ಬಾಗಿಲು ತೆರೆದು ಹಾರ್ಮೋನಿಯಂ ತಿದಿಯಂಥದ್ದು ಹೊರಗೆ ಬರುತ್ತಿತ್ತು. ನೋಡಲು ಬಹಳ ಚೆಂದ. ಇದರಲ್ಲಿ ಹತ್ತಿರದವರನ್ನೂ ತೆಗೆಯಬಹುದು, ಮೋಡವಿದ್ದರೂ ತೆಗೆಯಬಹುದು. ಆದರೆ ಎಷ್ಟು ದೂರ, ಎಷ್ಟು ಬೆಳಕು ಎಂದು ಕಣ್ಣಳತೆಯಲ್ಲೇ ಗುರುತಿಸಿ ತಿರುಗಿಸಿ ಇಡಬೇಕು. ತಪ್ಪಿದರೆ ಮುಖ ಮಂಜು ಮಂಜು. ರೀಲು ಬೆಳಗಾವಿಯಿಂದಲೋ ಮುಂಬಯಿಯಿಂದಲೋ ಬರಬೇಕು. ಬೆಲೆ ಕೇಳಿ ಅಕ್ಕ ತಲೆ ತಗ್ಗಿಸಿದಳು. ಅಪ್ಪನ ಕೈ ಸೊಂಟದ ಚೀಲಕ್ಕೆ ಹೋಗಿ ಅಲ್ಲೇ ನಿಂತಿತು.

"ತಗದದ್ದ ಸರಿ ಬರಲಿಲ್ಲಂದ್ರ ಬಿಚ್ಚಿ ಮತ್ತ ತಗೀಬೌದಿಲ್ರಿ?" ಎಂದು ಅಪ್ಪ ಕೇಳಿದ. ಮಗ್ಗದಲ್ಲಿ ದಡಿ ತಪ್ಪಿದರೆ ಎಳೆ ಬಿಚ್ಚಿ ಮತ್ತೆ ನೇಯುತ್ತೇವಲ್ಲ, ಅದು ಅವನ ತಲೆಯಲ್ಲಿತ್ತು. ಒಂದೇ ಸಲಕ್ಕೆ ಅವ್ವನ ಹೋಲಿಕೆ ಬರಲಿಕ್ಕಿಲ್ಲ, ಕ್ಯಾಮೆರಾ ಮನೆಯಲ್ಲೇ ಇದ್ದರೆ ಬರುವ ತನಕ ತೆಗೆಯುತ್ತ ಇರಬಹುದು ಎಂದು ಅವನು ಲೆಕ್ಕ ಹಾಕಿದ್ದನಂತೆ.

"ಬಿಚ್ಚಾಕ ಬರೂದಿಲ್ರಿ. ಬಿದ್ದದ್ದ ಬಿತ್ತು" ಎಂದರು ಕಾಕಾ. ಆಮೇಲೆ ಅಪ್ಪನ ಮುಖ ನೋಡಿ ದನಿ ಇಳಿಸಿದರು. "ನಿಮಗ ಎಷ್ಟ ಮಂದೀದ ಫೋಟೋ ಬೇಕು?"

"ಒಬ್ಬಾಕೀದು."

"ಎಷ್ಟ ಫೋಟೋ?"

"ಒಂದ. ಮಾರಿ ದೊಡ್ಡದ ಬರಬೇಕು. ಗಲ್ಲದ ಮ್ಯಾಲಿನ ಹಚ್ಚಿ ಕಾಣಬೇಕು."

"ಹಂಗಾದ್ರ ಕ್ಯಾಮೆರಾ ಯಾಕ ತಗೋತೀರಿ? ಒಂದ ಸಲ ತಗದು ಮೂಲ್ಯಾಗ ಇಡತೀರಿ, ಧೂಳ ತಿಂತೈತಿ. ನಿಮ್ಮ ರೊಕ್ಕ ನಿಮ್ಮ ಹತ್ರನ ಇರಲಿ. ಅಗೋ, ಒಳಗ ನನ್ನ ಮೂರ ಕಾಲಿನ ಕ್ಯಾಮೆರಾ ಐತಿ. ಅದು ಮಾರಾಕಲ್ಲ, ಆದ್ರ ನಿಮ್ಮ ಕೆಲಸಕ್ಕ ಅದ ಬೇಕು. ಹೋಗ್ರಿ, ಆ ಬಾಯಾರನ್ನ ಕರಕೊಂಡ ಬರ್ರಿ."

ಅಪ್ಪ ಬಾಗಿಲಲ್ಲಿ ಬಿಟ್ಟ ತನ್ನ ಚಪ್ಪಲಿಯ ಕಡೆ ನೋಡಿದ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಹೊಡೆಯುತ್ತ ಹೋದರು. ಬಾಗಿಲಲ್ಲಿದ್ದ ಅಕ್ಕ ಗಂಟನ್ನು ಎದೆಗೆ ಒತ್ತಿಕೊಂಡು ಮುಂದೆ ಬಂದಳು.

"ಅವ್ವ ಇಲ್ರೀ ಕಾಕಾ. ಅವ್ವನ ಸೀರಿ ಉಡಿಸಿ ನನ್ನ ಕುಂಡ್ರಸತಾರ. ನಾ ಆಕೀನ್ನ ಹೋಲತೇನಂತ."

ಅಪ್ಪ ಏನು ಮಾಡುತ್ತಾನೆ ಎಂದು ನನಗೆ ತಿಳಿದದ್ದು ಆಗಲೇ. ಕಾಕಾ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಬೇಡ ಎನ್ನಲಿಲ್ಲ. ಒಳಗಿನ ಪರದೆ ಸರಿಸಿ ಅಕ್ಕನಿಗೆ ದಾರಿ ಬಿಟ್ಟರು.

ಅಕ್ಕ ಅವ್ವನ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಹೊರಗೆ ಬಂದಳು. ಅವ್ವನ ಕುಬಸ ಅವಳಿಗೆ ದೊಡ್ಡದು. ಕಾಕಾ ಬೆನ್ನ ಹಿಂದೆ ಬಟ್ಟೆ ಸೇರಿಸಿ ಪಿನ್ನು ಹಾಕಿದರು, ಮುಂದಿನಿಂದ ಗೊತ್ತಾಗದ ಹಾಗೆ. ನಾನು ಅಕ್ಕನ ಮುಖ ನೋಡಲಿಲ್ಲ, ಕಾಲು ನೋಡಿದೆ. ಕಾಲು ಅಕ್ಕನದೇ ಇತ್ತು. ಹತ್ತಿರ ಹೋಗಿ ಸೀರೆಯ ನೆರಿಗೆಗೆ ಮೂಗು ಹಚ್ಚಿದೆ. ಗಂಜಿ, ಒಲೆಯ ಹೊಗೆ, ಸುಣ್ಣದ ಡಬ್ಬಿ. ಅದು ಅವ್ವನ ವಾಸನೆ. ಆಗಲೂ ನನಗೆ ಅಳು ಬರಲಿಲ್ಲ. ವಾಸನೆ ಮುಗಿದುಹೋದೀತೆಂದು ಮೂಗು ತೆಗೆದೆ, ಅಷ್ಟೇ.

ಇನ್ನು ಹಚ್ಚೆ ಇಡಬೇಕಿತ್ತು. ಫೋಟೋದಲ್ಲಿ ಹಸಿರೂ ಕಪ್ಪಾಗಿಯೇ ಕಾಣುತ್ತದೆ, ಕಾಡಿಗೆ ಸಾಕು ಎಂದು ಕಾಕಾ ಡಬ್ಬಿ ಕೊಟ್ಟರು. ಅಪ್ಪ ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಅಕ್ಕನ ಮುಂದೆ ಬಗ್ಗಿದ. ಬೆರಳು ಒಮ್ಮೆ ಈ ಗಲ್ಲಕ್ಕೆ ಹೋಯಿತು, ಒಮ್ಮೆ ಆ ಗಲ್ಲಕ್ಕೆ. ಯಾವ ಕಡೆ ಎಂಬುದು ಅವನಿಗೆ ನೆನಪಿಲ್ಲ. ನನ್ನ ಕಡೆ ತಿರುಗಿದ. ನನಗೂ ಕಣ್ಣಲ್ಲಿ ಮುಖ ಇರಲಿಲ್ಲ. ಆದರೆ ಅವ್ವನ ತೊಡೆಯ ಮೇಲೆ ಕೂತು ಆ ಚುಕ್ಕೆಯನ್ನು ಉಗುರಿನಿಂದ ಕೆರೆಯುವುದು ನನ್ನ ಚಾಳಿಯಾಗಿತ್ತು. ಅಕ್ಕನ ತೊಡೆ ಏರಿ ಕೂತು ಕೈ ಎತ್ತಿದೆ. ನನ್ನ ಬಲಗೈ ಬೆರಳು ತಾನಾಗಿ ಅಕ್ಕನ ಎಡಗಲ್ಲಕ್ಕೆ ಹೋಗಿ ನಿಂತಿತು.

"ಇಲ್ಲೆ" ಎಂದೆ. ಅಪ್ಪ ಅಲ್ಲೇ ಚುಕ್ಕೆ ಇಟ್ಟ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಾಕಾ ಒಳ್ಳೆಯ ಮನಸ್ಸಿನಿಂದ, "ಬರ್ರಿ, ನೀವೂ ಒಮ್ಮೆ ನೋಡ್ರಿ" ಎಂದು ಅಪ್ಪನನ್ನು ಮೂರು ಕಾಲಿನ ಕ್ಯಾಮೆರಾದ ಹಿಂದೆ ಕರೆದರು, ಕರಿ ಬಟ್ಟೆ ಹೊದಿಸಿದರು. ಫೋಟೋ ಮೂಡುವ ಗಾಜಿನ ತಟ್ಟೆಯನ್ನು ಅದರ ಪೆಟ್ಟಿಗೆಗೆ ತುಂಬಿಕೊಂಡು ಬರುತ್ತೇನೆಂದು ಅವರು ಕತ್ತಲೆ ಕೋಣೆಗೆ ಹೋದರು. ಬಟ್ಟೆಯೊಳಗಿಂದ ಅಪ್ಪ ಕೂಗಿದ, "ತೆಳಗಿಂದ ಮ್ಯಾಲ ಐತಿ! ಆ ಕಡೀದು ಈ ಕಡಿ ಐತಿ!"

ಬೇರೆ ಯಾರಾದರೂ ಕಕ್ಕಾಬಿಕ್ಕಿಯಾಗಿ ಕಾಕಾನನ್ನು ಕೇಳುತ್ತಿದ್ದರು. ನಮ್ಮಪ್ಪ ನೇಕಾರ, ಅವನಿಗೆ ಕೇಳಬೇಕೆನಿಸಲಿಲ್ಲ. ನಮ್ಮ ಮಗ್ಗದಲ್ಲಿ ಸೀರೆಯ ಮೇಲುಮುಖ ಕೆಳಗಿರುತ್ತಿತ್ತು, ನೇಯುವವರಿಗೆ ಕಾಣುವುದು ಒಳಮುಖ. ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಎಂದು ಮನಸ್ಸಿನಲ್ಲೇ ತಿರುವಿಕೊಂಡು ನೇಯಬೇಕು, ಅನುಮಾನ ಬಂದರೆ ಅಡಿಯಲ್ಲಿ ಒಂದು ಕನ್ನಡಿ ಹಿಡಿದು ನೋಡಬೇಕು. ಇದೂ ಹಾಗೆಯೇ, ಇಲ್ಲಿ ಇಟ್ಟದ್ದು ಫೋಟೋದಲ್ಲಿ ಆಚೆ ಕಡೆ ಬರುತ್ತದೆ ಎಂದು ಅಪ್ಪ ತೀರ್ಮಾನಿಸಿಬಿಟ್ಟ. ಬಟ್ಟೆಯಿಂದ ಹೊರಗೆ ಬಂದವನೇ ಅಕ್ಕನ ಎಡಗಲ್ಲದ ಚುಕ್ಕೆಯನ್ನು ಧೋತರದ ಚುಂಗಿನಿಂದ ಒರೆಸಿ ಬಲಗಲ್ಲಕ್ಕೆ ಇಟ್ಟ.

"ಅಲ್ಲಲ್ಲ ಅಪ್ಪಾ" ಎಂದೆ.

"ಸುಮ್ಮಿರು. ನೇಯುವಾಗ ಹಿಂಗ ಇರತೈತಿ" ಎಂದ.

ಕಾಕಾ ಬಂದರು. ಚುಕ್ಕೆ ಮನೆ ಬದಲಿಸಿದ್ದು ಅವರಿಗೆ ಗೊತ್ತಾಗಲಿಲ್ಲ. ತಟ್ಟೆ ಸೇರಿಸಿ, "ಹಲೂ ನಕಾ" ಎಂದರು. ಆಮೇಲೆ ಕನ್ನಡದಲ್ಲಿ, "ಅಲುಗಾಡಬ್ಯಾಡ ಮಗಳ, ರೆಪ್ಪಿ ಸೈತ ಬಡೀಬ್ಯಾಡ" ಎಂದು ಮುಂದಿನ ಮುಚ್ಚಳ ತೆಗೆದರು. ಅಕ್ಕ ಅಲುಗಾಡಲಿಲ್ಲ. ಬೇಸಿಗೆಯಿಂದ ನಾವು ಮೂವರೂ ಹಾಗೆಯೇ ಇದ್ದೆವು, ಅವಳಿಗೆ ಅದು ಕಷ್ಟವಾಗಲಿಲ್ಲ. ಮುಚ್ಚಳ ಮತ್ತೆ ಬಿತ್ತು. ಅಕ್ಕ ಪರದೆಯ ಹಿಂದೆ ಹೋಗಿ ತನ್ನ ಬಟ್ಟೆ ಹಾಕಿಕೊಂಡು ಬಂದಳು, ಚುಕ್ಕೆ ಒರೆಸಿಕೊಳ್ಳಲು ಮರೆತಿದ್ದಳು. ಊರಿಗೆ ಬರುವವರೆಗೂ ಬಸ್ಸಿನಲ್ಲಿ ಜನ ಅವಳ ಗಲ್ಲ ನೋಡುತ್ತಿದ್ದರು.

ಮುಂದಿನ ಸಂತೆಗೆ ಅಪ್ಪ ಒಬ್ಬನೇ ಹೋಗಿ ಫೋಟೋ ತಂದ. ಹೋಗುವ ಮುಂಚೆಯೇ ಮಗ್ಗದ ಎದುರಿನ ಗೋಡೆಗೆ ಮೊಳೆ ಹೊಡೆದಿದ್ದ. ಬರುವಾಗ ಗಂಧದ ಚಕ್ಕೆಯ ಒಂದು ಹಾರವನ್ನೂ ತಂದಿದ್ದ. ದಾರಿಯಲ್ಲಿ ಬಿಚ್ಚಿ ನೋಡಿರಲಿಲ್ಲ. ಹಗಲಿನ ಬೆಳಕಿನಲ್ಲಿ ಮಗ್ಗದ ಮೇಲೆಯೇ ಕಾಗದ ಬಿಚ್ಚಿದ. ಮುಖ ಅಂಗೈ ಅಗಲ ಬಂದಿತ್ತು. ಮೂರು ಕಾಲಿನದೇ ಬೇಕು ಎಂದು ಕಾಕಾ ಹೇಳಿದ್ದು ನಿಜ, ರೆಪ್ಪೆಯ ಕೂದಲೂ ಕಾಣುತ್ತಿತ್ತು. ಚುಕ್ಕೆಯೂ ಸ್ಪಷ್ಟವಾಗಿ ಬಂದಿತ್ತು, ಬಲಗಲ್ಲದ ಮೇಲೆ, ಅಪ್ಪ ಇಟ್ಟಲ್ಲಿಯೇ.

ಅಪ್ಪ ಫೋಟೋವನ್ನು ತಿರುವಿ ಹಿಂಭಾಗ ನೋಡಿದ. ಸೀರೆಯನ್ನು ಮಗ್ಗದಿಂದ ಇಳಿಸಿದ ಮೇಲೆ ತಿರುವಿ ನೋಡುತ್ತಾನಲ್ಲ, ಹಾಗೆ. ಹಿಂದೆ ಬರೀ ಬಿಳಿ ರಟ್ಟು. ಮತ್ತೆ ತಿರುವಿದ, ಮತ್ತೆ ನೋಡಿದ. ನನಗೆ ಅಪ್ಪನ ಬಗ್ಗೆ ಅಷ್ಟು ಕನಿಕರ ಯಾವತ್ತೂ ಆಗಿರಲಿಲ್ಲ.

"ಮತ್ತ ಹೋಗೂಣು" ಎಂದ ಕೊನೆಗೆ, ಯಾರ ಕಡೆಗೂ ನೋಡದೆ. "ಈ ಸಲ ಈ ಕಡೀಗಿ ಇಡೂಣು. ಅಲ್ಲೀ ತನಕಾ ಇದ ಇರಲಿ." ಹಾರ ಎತ್ತಿಕೊಂಡು ಮೊಳೆಯ ಕಡೆ ನಡೆದ.

ರೊಟ್ಟಿ ಬಡಿಯುತ್ತಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ನಾ ಒಲ್ಲೆ. ಅದಕ್ಕ ಹಾರಾ ಹಾಕಬ್ಯಾಡ ಅಪ್ಪಾ" ಎಂದಳು. "ನಾ ಇನ್ನ ಇದ್ದೇನಿ."

ಅಪ್ಪ ಅವಳ ಮುಖ ನೋಡಿದ. ಬೇಸಿಗೆಯ ನಂತರ ಅವನು ನಮ್ಮಿಬ್ಬರಲ್ಲಿ ಒಬ್ಬರ ಮುಖ ನೇರ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದ. ಅವನ ಕೈಯಿಂದ ಹಾರ ಜಾರಿ ಮಗ್ಗದ ಕುಣಿಯೊಳಗೆ ಬಿತ್ತು. ಅಲ್ಲೇ ನೆಲಕ್ಕೆ ಕೂತು ಅಳತೊಡಗಿದ, ದೊಡ್ಡ ದನಿ ತೆಗೆದು, ಓಣಿಯವರು ಬಾಗಿಲಿಗೆ ಬರುವಷ್ಟು. ಅಕ್ಕನೂ ಅತ್ತಳು. ಅವರಿಬ್ಬರನ್ನು ನೋಡಿ ನನಗೆ ಹೆದರಿಕೆಯಾಯಿತು. ಹೆದರಿಕೆಯ ಹಿಂದೆಯೇ ಅಳುವೂ ಬಂತು, ಜೋಮು ಬಿಟ್ಟ ಕಾಲಿನ ಹಾಗೆ ಮೈಯೆಲ್ಲ ಚುಚ್ಚಿತು. ಅಂದು ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ಮತ್ತೆ ನಾವು ಜಮಖಂಡಿಗೆ ಹೋಗಲಿಲ್ಲ. ಫೋಟೋ ಅಕ್ಕನ ಟ್ರಂಕಿಗೆ ಹೋಯಿತು. ಆ ಮೊಳೆಗೆ ಅಪ್ಪ ಮಗ್ಗದ ಅಡಿಯ ಕನ್ನಡಿಯನ್ನು ತೂಗುಹಾಕಿದ. ದಿನಾ ಬೆಳಗ್ಗೆ ಅದರ ಮುಂದೆ ನಿಲ್ಲಿಸಿ ಅಕ್ಕ ನನ್ನ ತಲೆ ಬಾಚುತ್ತಿದ್ದಳು. ಆಮೇಲೆ ಅವಳನ್ನು ಗಲಗಲಿ ಊರಿಗೆ ಮದುವೆ ಮಾಡಿ ಕೊಟ್ಟರು. ಹೋಗುವ ದಿನ ಫೋಟೋವನ್ನು ನನ್ನ ಕೈಗೆ ಕೊಟ್ಟು, "ನನ್ನ ಮಾರೀನೂ ನೆಪ್ಪ ಹೋದ್ರ ನೋಡಾಕ ಬೇಕಲ್ಲ" ಎಂದು ನಕ್ಕಳು. ಈಗ ಅವಳೂ ಇಲ್ಲ.

ಮೊನ್ನೆ ನೀವು ಹೊಸ ಕ್ಯಾಮೆರಾ ಕೊಳ್ಳಬೇಕೆಂದು ಮನೆಯೆಲ್ಲ ಒಂದು ಮಾಡಿದ್ದಿರಿ. ಒಬ್ಬನಿಗೆ ದೂರದ ಹಕ್ಕಿ ಹತ್ತಿರ ಬರಬೇಕು, ಒಬ್ಬಳಿಗೆ ಕತ್ತಲಲ್ಲೂ ಬೆಳ್ಳಗೆ ಕಾಣಬೇಕು, ನಿಮ್ಮಪ್ಪನಿಗೆ ಬೆಲೆ ಕೇಳಿಯೇ ತಲೆನೋವು. ಯಾರ ಫೋಟೋ ತೆಗೆಯುತ್ತೀರಿ ಎಂದು ನಾನು ಕಾಕಾನ ಹಾಗೆಯೇ ಕೇಳಿದೆ. ಎಲ್ಲರದೂ, ಎಲ್ಲದರದೂ ಎಂದಿರಿ. ಸರಿಯೇ, ನಿಮಗೆ ಬಿಚ್ಚಿ ಮತ್ತೆ ನೇಯಲು ಬರುತ್ತದೆ. ತಿಂದ ದೋಸೆಯದು, ಮಲಗಿದ ನಾಯಿಯದು, ಗೊರಕೆ ಹೊಡೆಯುವ ನನ್ನದು ಕೂಡ ನಿಮ್ಮ ಫೋನಿನಲ್ಲಿದೆ. ಬೇಡವಾದರೆ ಅಳಿಸುತ್ತೀರಿ, ಬೇಕಾದರೆ ಮತ್ತೆ ತೆಗೆಯುತ್ತೀರಿ. ನಿಮ್ಮಲ್ಲಿ ಯಾರಿಗೂ ಯಾರ ಮುಖವೂ ಮರೆತುಹೋಗಲಾರದು. ನನಗೆ ಅದರ ಬಗ್ಗೆ ಸಂತೋಷವೂ ಇದೆ, ಒಂದಿಷ್ಟು ಹೊಟ್ಟೆಕಿಚ್ಚೂ ಇದೆ.

ಆ ಸಂಜೆ ಚಿಕ್ಕ ಮೊಮ್ಮಗ ಅಕ್ಕನ ಫೋಟೋವನ್ನು ಫೋನಿನಲ್ಲಿ ಇಳಿಸಿಕೊಂಡು, ಕಥೆ ಕೇಳಿ, ಏನೋ ಒಂದು ಗುಂಡಿ ಒತ್ತಿದ. ಫೋಟೋ ಎಡಬಲ ತಿರುಗಿತು. ಚುಕ್ಕೆ ಎಡಗಲ್ಲಕ್ಕೆ ಬಂತು, ನನ್ನ ಬೆರಳು ಅಂದು ತೋರಿಸಿದಲ್ಲಿಗೆ.

"ಈಗ ಸರಿ ಆತೇನಜ್ಜಿ? ಈಗ ನಿಮ್ಮವ್ವ ಬಂದ್ಲಾ?" ಎಂದ.

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಚುಕ್ಕೆ ಸರಿ ಇತ್ತು, ಅಕ್ಕನ ಮೂಗುತಿ ಆಚೆ ಕಡೆ ಹೋಗಿತ್ತು. ಕಾದೆ. ಅವ್ವ ಬರಲಿಲ್ಲ. ಅಕ್ಕನೂ ಇರಲಿಲ್ಲ. ಯಾರೋ ಗುರುತಿಲ್ಲದ ಹುಡುಗಿ, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು.

"ಬ್ಯಾಡ ಮಗಾ, ಮೊದಲಿನಂಗ ಮಾಡು" ಎಂದೆ.

ಅವನು ಮತ್ತೆ ಒತ್ತಿದ. ತಪ್ಪು ಗಲ್ಲಕ್ಕೆ ಕಾಡಿಗೆ ಇಟ್ಟುಕೊಂಡು ನಮ್ಮಕ್ಕ ವಾಪಸ್ ಬಂದಳು.